ಕೆನ್ನೆ ಕೊಟ್ಟವರು

ಪ್ರತಿ ಡಿಸೆಂಬರಿನಲ್ಲಿ ಸಂತ ಲೂಚೀಯಾಳ ಹಬ್ಬದ ಹಿಂದಿನ ದಿನ ಕೊಮಿಂಚೊ ಬೆಟ್ಟದಿಂದ ಹಿಟ್ಟು ಹೊತ್ತು ತರುತ್ತಿದ್ದ. ಹನ್ನೆರಡು ವರ್ಷಗಳಿಂದ ಅದೊಂದು ತಪ್ಪಿರಲಿಲ್ಲ. ಕಾಡಿನಲ್ಲಿ ಆಯ್ದ ಕಸ್ತಾನೆ ಕಾಯಿಗಳನ್ನು ಹೊಗೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸಿಪ್ಪೆ ಬಡಿದು, ತನ್ನ ನೀರುಗಿರಣಿಯಲ್ಲಿ ಬೀಸಿದ ಸಿಹಿ ಹಿಟ್ಟು ಅದು. ಮೂಟೆಯನ್ನು ಅಣ್ಣನ ಮನೆಯ ಬಾಗಿಲಲ್ಲಿ ಇಳಿಸಿ, ಅತ್ತಿಗೆ ಲೊದೊವೀಕಾ ಕೊಟ್ಟ ಬಿಸಿ ಸಾರು ಕುಡಿದು, ಹೊತ್ತು ಮುಳುಗುವ ಮೊದಲೇ ಮತ್ತೆ ಬೆಟ್ಟ ಹತ್ತಿಬಿಡುತ್ತಿದ್ದ. ಅಣ್ಣ ಕೋವಿ ಮಾಡುವ ಕುಲುಮೆಮನೆಯೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅವನ ಮುಖದ ಬಲಗಡೆ ಹುಬ್ಬಿನಿಂದ ದವಡೆಯವರೆಗೆ ಸುಟ್ಟು, ಒಣಗಿದ ಅಂಜೂರದ ಹಾಗೆ ಮುದುರಿತ್ತು. ಆ ಕಡೆಯ ಕಣ್ಣು ಇರಲಿಲ್ಲ. ಕೆಂಡದ ಕಾವು ಸೋಕಿದರೆ ಆ ಚರ್ಮ ಇವತ್ತಿಗೂ ಉರಿಯುತ್ತಿತ್ತು.

ಆ ವರ್ಷ ಸಾರು ಕುಡಿದವನು ಏಳಲಿಲ್ಲ. ಖಾಲಿ ಬಟ್ಟಲನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕುಳಿತೇ ಇದ್ದ.

"ಅದು ಮುಗೀತಂತಲ್ಲ ಅಣ್ಣ?" ಎಂದ.

ಮಫೇಯೊ ಅರದ ಪುಡಿಯನ್ನು ಅಂಗೈಯಿಂದ ಕೊಡವಿಕೊಳ್ಳುತ್ತ, "ಯಾರು ಹೇಳಿದ್ರು?" ಎಂದ.

"ಪಸೀನೊ. ಗಿರಣಿಗೆ ಬಂದಿದ್ದ. ಮರ ಕೂರಿಸಿ ಕೊಟ್ಟಾಯ್ತು ಅಂದ. ನೋಡಬಹುದಾ?"

ಹನ್ನೆರಡು ವರ್ಷಗಳಲ್ಲಿ ತಮ್ಮ ಹೀಗೆ ಕೇಳಿದ್ದು ಅದೇ ಮೊದಲು. ಮಫೇಯೊ ಒಳಗೆ ಹೋಗಿ ಕೋವಿಯನ್ನು ತಂದು ಅವನ ತೊಡೆಯ ಮೇಲಿಟ್ಟ.

ಮೆಲ್ಲಾ ಹೊಳೆಯ ದಂಡೆಯುದ್ದಕ್ಕೂ ಕೋವಿ ಮಾಡುವವರು, ಒಬ್ಬೊಬ್ಬರದು ಒಂದೊಂದು ಕಸುಬು. ನಳಿಗೆ ಬಡಿಯುವವನು ಮರ ಮುಟ್ಟುವುದಿಲ್ಲ, ಮರ ಕೆತ್ತುವವನು ಕಬ್ಬಿಣ ಮುಟ್ಟುವುದಿಲ್ಲ. ಮಫೇಯೊನ ಮನೆಯವರದು ಕಿಡಿ ಹಾರಿಸುವ ಕುದುರೆ, ಕಮಾನು, ಬಟ್ಟಲು ಇಷ್ಟನ್ನೂ ಕೂಡಿಸುವ ಕೆಲಸ. ಅಪ್ಪನ ಕಾಲಕ್ಕೆ ಅಷ್ಟೇ ಸಾಕಾಗಿತ್ತು. ಮಫೇಯೊಗೆ ಮಾತ್ರ ಪ್ರಾಯದಲ್ಲೇ ಒಂದು ಹುಚ್ಚು ಹತ್ತಿತ್ತು. ಒಂದು ಗುಂಡು ಹಾರಿಸಿ, ಮದ್ದು ಸುರಿದು, ಗುಂಡು ತುರುಕಿ, ಗಜದಿಂದ ಜಡಿದು, ಮತ್ತೆ ಗುರಿ ಹಿಡಿಯುವಷ್ಟರಲ್ಲಿ ಕಾಡುಹಂದಿ ಗುಡ್ಡ ದಾಟಿರುತ್ತದೆ. ಬದಲಿಗೆ ಕೋವಿಯ ಬುಡದ ಮರವನ್ನೇ ಟೊಳ್ಳು ಮಾಡಿ, ಅದರಲ್ಲಿ ಒಂದು ಕೊಳವೆಗೆ ಮದ್ದು, ಇನ್ನೊಂದಕ್ಕೆ ಗುಂಡು ತುಂಬಿಟ್ಟರೆ? ಕೊಳವೆಗೂ ನಳಿಗೆಗೂ ನಡುವೆ ಒಂದು ಹಿತ್ತಾಳೆಯ ಉರುಳೆ. ಉರುಳೆಯ ಮೈಯಲ್ಲಿ ಎರಡು ಕುಳಿ. ಮೂತಿಯನ್ನು ನೆಲಕ್ಕೆ ಮಾಡಿ ಎಡಮಗ್ಗುಲಿನ ಹಿಡಿಕೆ ತಿರುಗಿಸಿದರೆ ಒಂದು ಕುಳಿಗೆ ಗುಂಡು, ಇನ್ನೊಂದಕ್ಕೆ ಒಂದು ಸಲಕ್ಕೆ ಬೇಕಾದಷ್ಟು ಮದ್ದು ಬೀಳುತ್ತದೆ. ವಾಪಸು ತಿರುಗಿಸಿದರೆ ಎರಡೂ ನಳಿಗೆಯ ಹಿಂಬಾಯಿಗೆ ಬಂದು ಕೂರುತ್ತವೆ. ಗಜ ಬೇಡ, ಮದ್ದಿನ ಕೊಂಬು ಬೇಡ. ಏಳು ಸಲ ತಿರುಗಿಸು, ಏಳು ಸಲ ಹೊಡಿ. ಹೀಗೊಂದನ್ನು ದೂರದ ಊರಿನ ಯಾರೋ ಮಾಡಿದ್ದಾರೆಂಬ ಸುದ್ದಿ ಬ್ರೆಷಾ ಪೇಟೆಯಿಂದ ಬಂದಿತ್ತು. ಕಣ್ಣಿಂದ ಕಂಡವರು ಕಣಿವೆಯಲ್ಲಿ ಯಾರೂ ಇರಲಿಲ್ಲ.

ಇದರಲ್ಲಿ ಕಷ್ಟ ಒಂದೇ. ಹೊಡೆಯುವವನು ಕೆನ್ನೆ ಊರುವುದು ಬುಡದ ಮರಕ್ಕೆ. ಮದ್ದೆಲ್ಲ ಇರುವುದೂ ಅಲ್ಲಿಯೇ. ಉರುಳೆಯ ಸುತ್ತ ಕೂದಲೆಳೆಯಷ್ಟು ಸಂದಿದ್ದರೂ ನಳಿಗೆಯ ಬೆಂಕಿ ಹಿಂದಕ್ಕೆ ಹರಿದು ಕೊಳವೆಯ ಮದ್ದನ್ನು ಮುಟ್ಟುತ್ತದೆ.

ಕಣಿವೆಯಲ್ಲೊಂದು ಕಟ್ಟಳೆ ಇತ್ತು. ನಳಿಗೆಯನ್ನಾದರೆ ಮರದ ದಿಮ್ಮಿಗೆ ಕಟ್ಟಿ, ಗೋಡೆಯ ಮರೆಯಿಂದ ದಾರ ಎಳೆದು ಪರೀಕ್ಷಿಸುತ್ತಿದ್ದರು. ಹೊಸ ತರಹದ ಕುದುರೆ ಕೂಡಿಸಿದ ಕೋವಿಗೆ ಹಾಗಲ್ಲ. ಅದನ್ನು ಮಾಡಿದ ಮನೆಯವನೇ ಹೊಳೆಯಂಚಿನ ಕಲ್ಲುಹಾಸಿಗೆ ಬಂದು, ಮೇಸ್ತ್ರಿಗಳೆಲ್ಲರ ಎದುರು ಮರಕ್ಕೆ ಕೆನ್ನೆ ಊರಿ ಹೊಡೆದು ತೋರಿಸಬೇಕು. ಆಮೇಲೆಯೇ ಮನೆಯ ಗುರುತು ಒತ್ತುವುದು. ಇದಕ್ಕೆ ಕೆನ್ನೆ ಕೊಡುವುದು ಎನ್ನುತ್ತಿದ್ದರು.

ಹನ್ನೆರಡು ವರ್ಷಗಳ ಹಿಂದೆ, ಮೊದಲ ಕೋವಿ ಮುಗಿದಾಗ, ಮಫೇಯೊನ ಬಲಗೈ ಹೆಬ್ಬೆರಳಿಗೆ ಅರ ಹೊಕ್ಕು ಕೀವಾಗಿತ್ತು. ಜೊತೆಗೆ ದುಡಿದ ತಮ್ಮ, ಆಗಿನ್ನೂ ಇಪ್ಪತ್ತರ ಆಚೀಚಿನವನು, ತಾನು ಕೊಡುತ್ತೇನೆಂದು ಮುಂದೆ ಬಂದ. ನಾಲ್ಕು ಗುಂಡು ಸರಾಗವಾಗಿ ಹಾರಿದವು. ಜನ ಟೋಪಿ ತೆಗೆದು ಬೀಸಿದರು. ಐದನೆಯ ಸಲಕ್ಕೆ ಹಿಡಿಕೆ ಬಿಗಿಯಿತು. ಬಲ ಹಾಕು, ಬಲ ಹಾಕು ಎಂದು ಸುತ್ತ ನಿಂತವರು ಕೂಗಿದರು. ಕೊಮಿಂಚೊ ಬಲ ಹಾಕಿ ತಿರುಗಿಸಿ ಹೊಡೆದ. ಆಗ ಬಂದ ಸದ್ದು ಗುಂಡಿನದಾಗಿರಲಿಲ್ಲ.

ನಳಿಗೆ ಬಡಿಯುವ ಹಿರಿಯ ಬೆತ್ತೀನೊ, ಆ ಸಂಜೆಯೇ ತೀರ್ಪು ಕೊಟ್ಟಂತೆ, ಆತುರದ ಕೈ, ಉರುಳೆಯನ್ನು ಒತ್ತಿ ಕೆಡಿಸಿದ ಎಂದಿದ್ದ. ಹಾಸಿಗೆಯ ಮೇಲಿನಿಂದ ಕೊಮಿಂಚೊ ಕೂಡ ಹೌದು, ನಾನೇ ಬಲ ಹಾಕಿದೆ ಎಂದ. ಮಫೇಯೊ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಂದಿನಿಂದ ಕಣಿವೆಯ ಯಾವ ಕುಲುಮೆಯಲ್ಲಾದರೂ ಯಾರಾದರೂ ತಿರುಪನ್ನು ಜೋರಾಗಿ ಬಿಗಿದರೆ, "ಕೊಮಿಂಚೊ ಕೈ ಹಾಕ್ಬೇಡವೋ" ಎಂಬ ಮಾತು ಬಳಕೆಗೆ ಬಂತು. ಅವನನ್ನು ಕಂಡೇ ಇರದವರೂ ಅದನ್ನು ಆಡುತ್ತಿದ್ದರು.

ಈಗ ಆ ಕೈ ಹೊಸ ಕೋವಿಯ ಹಿಡಿಕೆಯನ್ನು ಎರಡೇ ಬೆರಳಿನಿಂದ ತಿರುಗಿಸಿ ನೋಡುತ್ತಿತ್ತು. ಮುಂದಕ್ಕೆ, ಹಿಂದಕ್ಕೆ. ಮತ್ತೆ ಮುಂದಕ್ಕೆ.

"ಮೆತ್ತಗಿದೆ," ಎಂದ ಕೊಮಿಂಚೊ.

"ಎಂಟು ತಿಂಗಳು ಸಾಣೆಪುಡಿ ಹಾಕಿ ಉಜ್ಜಿದೀನಿ. ಮೆತ್ತಗಿರದೆ?"

"ಬಿಗಿ ಹೆಂಗೆ ನೋಡಿದೆ?"

ಎಲ್ಲರೂ ನೋಡುವ ಹಾಗೆಯೇ ನೋಡಿದ್ದೆನೆಂದು ಮಫೇಯೊ ಹೇಳಿದ. ಉರುಳೆಯ ಒಂದು ಬದಿಗೆ ಎಣ್ಣೆ ತುಂಬಿ ಹತ್ತು ದಿನ ಹಾಗೇ ಬಿಟ್ಟಿದ್ದ. ಇನ್ನೊಂದು ಬದಿಗೆ ಒಂದು ಹನಿಯೂ ಇಳಿದಿರಲಿಲ್ಲ. ಅಪ್ಪನೂ ಅಜ್ಜನೂ ಹಾಗೆಯೇ ನೋಡುತ್ತಿದ್ದುದು.

"ಅಕ್ರೋಟಿನ ಎಣ್ಣೆ ತಾನೆ?"

"ಮತ್ತಿನ್ಯಾವುದು. ಕೆರೆಸೀಮೆಯ ದುಬಾರಿ ಆಲಿವ್ ಎಣ್ಣೆ ಸುರಿಯೋಕೆ ನಾನೇನು ಪಾದ್ರಿಯಾ?"

ಕೊಮಿಂಚೊ ನಗಲಿಲ್ಲ. ಗಿರಣಿಯ ಕಥೆ ಹೇಳಿದ. ಮೊದಲ ವರ್ಷ ಅವನೂ ಕಲ್ಲಿನ ನಡುವಿನ ಅಚ್ಚಿಗೆ ಅದೇ ಎಣ್ಣೆ ಹಾಕಿದ್ದನಂತೆ. ವಾರ ಕಳೆದರೆ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ, ಒಣಗಿ ಹಳದಿ ಪೊರೆ ಕಟ್ಟುತ್ತದೆ. ಸಂದೆಲ್ಲ ತಾನಾಗಿ ಮುಚ್ಚಿ, ಅಚ್ಚು ಬಿಗಿಯಾಗಿದೆ ಎನಿಸುತ್ತದೆ. ಗಿರಣಿ ಓಡಿ ಕಾವೇರಿದೊಡನೆ ಪೊರೆ ಕರಗಿ ಹಿಟ್ಟು ಎಲ್ಲೆಂದರಲ್ಲಿ ಹೊರಬೀಳುತ್ತದೆ.

"ಬೂದಿನೀರಲ್ಲಿ ಕುದಿಸಿ ತೊಳಿ ಅಣ್ಣ. ಆಮೇಲೆ ಈ ಹಿಟ್ಟು ತುಂಬಿ ನೂರು ಸಲ ತಿರುಗ್ಸು. ನನ್ನ ಹಿಟ್ಟು ಮುಚ್ಚಿದ ಬಾಗಿಲಲ್ಲೇ ತೂರಿಕೊಂಡು ಹೋಗುತ್ತೆ. ಸಂದು ಇದ್ರೆ ಅದು ಹೇಳುತ್ತೆ."

ಮಫೇಯೊಗೆ ಸಿಟ್ಟು ಬಂತು. ಗಿರಣಿಯವನೊಬ್ಬ ಬಂದು ಕಸುಬು ಹೇಳಿಕೊಡುವಂತಾಯಿತಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗಿದ್ದ ಮುಖ ಅಂಥ ಮಾತು ಆಡಲು ಬಿಡುವ ಮುಖವಲ್ಲ. ಲೊದೊವೀಕಾ ಒಳಗಿನಿಂದಲೇ, ಬಟ್ಟೆ ಒಗೆಯಲು ಬೂದಿನೀರು ಒಲೆಯ ಮೇಲಿದೆ ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ.

ಉರುಳೆಯನ್ನು ಬಿಚ್ಚಿ ಬೂದಿನೀರಿಗೆ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತು. ಒರೆಸಿ, ಒಣಗಿಸಿ, ಮತ್ತೆ ಕೂಡಿಸಿ, ಮದ್ದಿನ ಕೊಳವೆಗೆ ಹಿಟ್ಟು ತುಂಬಿದರು. ಮಫೇಯೊ ತಿರುಗಿಸಿದ, ಕೊಮಿಂಚೊ ಎಣಿಸಿದ. ಮೂವತ್ತೊಂದಕ್ಕೆ ಅವನು ಎಣಿಕೆ ನಿಲ್ಲಿಸಿ, ಉರುಳೆಯ ಅಂಚಿಗೆ ಬೆರಳು ಸವರಿ ನಾಲಿಗೆಗೆ ಮುಟ್ಟಿಸಿಕೊಂಡ.

"ಸಿಹಿ," ಎಂದ.

ಹಿತ್ತಾಳೆಯ ಮೇಲೆ ಬೆಳ್ಳಗಿನ ಗೆರೆಯೊಂದು ಸಣ್ಣಗೆ ಮೂಡಿತ್ತು. ಎಂಟು ತಿಂಗಳ ಕೆಲಸದ ಮೇಲೆ.

ಮಫೇಯೊ ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದ. ಈಸ್ಟರ್ ಕಳೆದ ಮೇಲೆ ಕೆನ್ನೆ ಕೊಡುತ್ತೇನೆಂದು ಊರಿಗೆಲ್ಲ ಹೇಳಿಯಾಗಿತ್ತು. ಕೋವಿ ಮಾಡಿಸಿದ್ದ ಬ್ರೆಷಾದ ದಂಡಿನ ಕಪ್ತಾನನೂ ಆ ದಿನ ತನ್ನ ಆಳು ಕಳಿಸುವವನಿದ್ದ.

ಕೊಮಿಂಚೊ ಎದ್ದು ಖಾಲಿ ಚೀಲ ಮಡಿಸಿಕೊಂಡ. "ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು ಬಿಡು. ನಿನ್ನ ಮುಖ ಉಳೀತು. ನಂದು ಬೇರೆ. ನಾನು ಬಲ ಹಾಕಿ ಕೆಡಿಸ್ಕೊಂಡೆ."

ಹಾಗೆಂದು ಹೊರಟುಹೋದ. ಆ ಕೊನೆಯ ಮಾತು ಮಾತ್ರ ಬಾಗಿಲಲ್ಲೇ ಉಳಿಯಿತು.

ಹಬ್ಬ ಕಳೆದ ಮಾರನೆಯ ಬೆಳಿಗ್ಗೆ ಮಫೇಯೊ ಅಟ್ಟ ಹತ್ತಿದ. ಮೂಲೆಯ ಪೆಟ್ಟಿಗೆಯಲ್ಲಿ, ಅಪ್ಪನ ಹಳೆಯ ಅಂಗಿಯಲ್ಲಿ ಸುತ್ತಿಟ್ಟ ಮೊದಲ ಕೋವಿಯ ಉರುಳೆಯೂ ಅದರ ಕಬ್ಬಿಣದ ಗೂಡೂ ಇದ್ದವು. ಬುಡದ ಮರ ಅಂದೇ ಚೂರಾಗಿತ್ತು. ಹಿತ್ತಾಳೆ ಉಳಿದಿತ್ತು. ಎಸೆಯಲು ಮನಸ್ಸಾಗದೆ, ನೋಡಲೂ ಮನಸ್ಸಾಗದೆ ಹಾಗೆಯೇ ಇಟ್ಟಿದ್ದ.

ಉರುಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬಲ ಹಾಕಿ ಒತ್ತಿದ ಉರುಳೆಯಾದರೆ ಗೀರು ಬಿದ್ದಿರಬೇಕು, ಕಬ್ಬಿಣದ ಅಂಚು ಹಿತ್ತಾಳೆಯನ್ನು ಕೆರೆದಿರಬೇಕು. ಕಲಿಯಲು ಬಂದವನಿಗೂ ಗೊತ್ತಿರುವ ವಿಷಯ. ಗೀರು ಒಂದೂ ಇರಲಿಲ್ಲ. ತಾನೂ ತಮ್ಮನೂ ಸೇರಿ ಉಜ್ಜಿದ ಸಾಣೆಯ ನವಿರು ಗೆರೆಗಳು ಹನ್ನೆರಡು ವರ್ಷವಾದರೂ ಹಾಗೆಯೇ ಇದ್ದವು. ಬೆಂಕಿ ತಲುಪದ ಒಂದು ಮೂಲೆಯಲ್ಲಿ ಹಳದಿ ಪೊರೆ ಇನ್ನೂ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದರೆ ಹಾಳೆಯ ಹಾಗೆ ಎದ್ದು ಬಂತು. ಬೂದಿನೀರಿನಲ್ಲಿ ತೊಳೆದು, ಗೂಡಿಗೆ ಕೂರಿಸಿ, ಹಿಟ್ಟು ಹಾಕಿ ತಿರುಗಿಸಿದ. ಮೂವತ್ತೊಂದು ಬೇಕಾಗಲಿಲ್ಲ. ಎರಡನೆಯ ಸುತ್ತಿಗೇ ಹಿಟ್ಟು ಆಚೆ ಬದಿಗೆ ಉದುರಿತು.

ಮೊದಲ ನಾಲ್ಕು ಗುಂಡುಗಳ ಬೆಂಕಿಗೆ ಪೊರೆ ಸುಟ್ಟುಹೋಗಿ, ಐದನೆಯದಕ್ಕೆ ದಾರಿ ಬಿಟ್ಟಿತ್ತು. ಹಿಡಿಕೆಗೆ ಬಿಗಿ ಬಂದದ್ದು ಮದ್ದಿನ ಮಸಿಯಿಂದ. ಬಲ ಹಾಕಿದ್ದರೂ ಹಾಕದಿದ್ದರೂ ಅಂದು ಆ ಮುಖ ಸುಡುವುದೇ ಇತ್ತು. ಎಣ್ಣೆ ತುಂಬಿ, ಬಿಗಿಯಾಗಿದೆ ಎಂದು ಒಪ್ಪಿ ತಮ್ಮನ ಕೈಗೆ ಕೊಟ್ಟವನು ತಾನು.

ಅವತ್ತೇ ಬೆಟ್ಟ ಹತ್ತಬೇಕಿತ್ತು. ಹತ್ತಲಿಲ್ಲ. ಹಿಮ ಬಿದ್ದಿದೆ ಎಂದುಕೊಂಡ. ಹಿಮ ಕರಗಿದ ಮೇಲೆ, ಹೊಸ ಉರುಳೆ ಎರಕ ಹೊಯ್ದಾಗಲಿ ಎಂದುಕೊಂಡ. ಒಂದು ಸಲ ಗಿರಣಿಯ ಕಾಲುವೆಯವರೆಗೆ ಹೋಗಿ, ಕಲ್ಲು ತಿರುಗುವ ಸದ್ದು ಕೇಳಿ, ತಮ್ಮ ಕೆಲಸದಲ್ಲಿದ್ದಾನೆ ಎಂದು ತನಗೆ ತಾನೇ ಹೇಳಿಕೊಂಡು ವಾಪಸು ಬಂದ. ಲೊದೊವೀಕಾ ಅಟ್ಟದ ಪೆಟ್ಟಿಗೆ ತೆರೆದಿದ್ದನ್ನೂ ಕಂಡಿದ್ದಳು, ಗಂಡ ಊಟದ ಪೊಲೆಂತಾ ಮುದ್ದೆಯನ್ನು ಅರ್ಧಕ್ಕೇ ಬಿಡುವುದನ್ನೂ ಕಂಡಿದ್ದಳು.

"ನೀವು ಹೇಳದೆ ಇದ್ರೆ ಅವನಿಗೆ ಗೊತ್ತಾಗೋದಿಲ್ಲ," ಎಂದಳು ಒಂದು ದಿನ, ನೂಲು ತೆಗೆಯುತ್ತ. "ಗೊತ್ತಾಗದೆ ಸತ್ತೂ ಹೋಗ್ತಾನೆ. ಅದು ನಿಮಗೆ ಆದೀತಾ ನೋಡಿ."

ಮಫೇಯೊ ಎದ್ದು ಕುಲುಮೆಗೆ ಹೋದ.

ಹೊಸ ಉರುಳೆಗೆ ಅವನು ಒಂದು ಹನಿ ಎಣ್ಣೆಯನ್ನೂ ತಾಗಿಸಲಿಲ್ಲ. ಸಾಣೆಪುಡಿ ಆಯಿತು, ಆಮೇಲೆ ಅದಕ್ಕಿಂತ ನಯವಾದ ಸುಣ್ಣದ ಪುಡಿ, ಕೊನೆಗೆ ಬರೀ ತೊಗಲು. ದಿನಕ್ಕೊಮ್ಮೆ ಹಿಟ್ಟು ಹಾಕಿ ತಿರುಗಿಸಿ ನೋಡುತ್ತಿದ್ದ. ಕಣಿವೆಯಲ್ಲಿ ಇದು ನಗೆಯ ಮಾತಾಯಿತು. ಮರ ಕೆತ್ತುವ ಪಸೀನೊ ಬಾಗಿಲಲ್ಲಿ ನಿಂತು, "ಮೇಸ್ತ್ರಿ, ಕೋವಿ ಮಾಡ್ತಿದೀರೋ ರೊಟ್ಟಿ ಮಾಡ್ತಿದೀರೋ?" ಎಂದು ಕೇಳಿಹೋಗುತ್ತಿದ್ದ. ಫೆಬ್ರವರಿಯಲ್ಲಿ ಅರುವತ್ತು ಸುತ್ತಿಗೆ ಬೆಳ್ಳಗೆರೆ ಬಂತು. ಮಾರ್ಚಿ ತಿಂಗಳ ಕೊನೆಗೆ ನೂರು ಸುತ್ತಾದರೂ ಹಿತ್ತಾಳೆ ಹಿತ್ತಾಳೆಯ ಹಾಗೇ ಇತ್ತು. ಮಫೇಯೊ ಬೆರಳು ಸವರಿ ನೆಕ್ಕಿದ. ಲೋಹದ ಒಗರು, ಅಷ್ಟೇ.

ಈಸ್ಟರ್ ಕಳೆದ ಮೇಲಿನ ಸೋಮವಾರ ಹೊಳೆಯಂಚಿಗೆ ಜನ ಸೇರಿದರು. ಬೆತ್ತೀನೊ ಈಗ ಎರಡು ಕೋಲು ಊರಿ ನಡೆಯುವ ಮುದುಕ. ಅವನಿಗೆಂದು ಕಲ್ಲಿನ ಮೇಲೆ ಕಂಬಳಿ ಹಾಸಿದ್ದರು. ಕಪ್ತಾನನ ಆಳು ಕುದುರೆಯಿಂದ ಇಳಿಯದೆ ಕುಳಿತಿದ್ದ. ಕೊಮಿಂಚೊ ಬರುವನೋ ಇಲ್ಲವೋ ಎಂದು ಮಫೇಯೊ ದಾರಿಯ ಕಡೆಗೇ ನೋಡುತ್ತಿದ್ದ. ಬಂದ. ಗುಂಪಿನ ಹಿಂದೆ, ಸುಟ್ಟ ಬದಿಯನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡು ನಿಂತ. ಲೊದೊವೀಕಾ ಅವನ ಪಕ್ಕಕ್ಕೆ ಹೋಗಿ ನಿಂತಳು.

ಮಫೇಯೊ ಕೆನ್ನೆ ಊರಿದ. ಪಸೀನೊ ಕೆತ್ತಿದ ಅಕ್ರೋಟು ಮರ ತಣ್ಣಗೆ ತಾಗಿತು. ಆ ಮರದ ಕೆಳಗೆ, ತನ್ನ ಕಣ್ಣಿನಿಂದ ಒಂದು ಗೇಣು ಅಂತರದಲ್ಲಿ, ಏಳು ಗುಂಡಿನಷ್ಟು ಮದ್ದು ಇದೆಯೆಂಬುದು ಆಗ ಅವನಿಗೆ ಮೈಯಿಂದಲೇ ತಿಳಿಯಿತು. ತಮ್ಮನಿಗೆ ಅಂದು ಹೀಗೇ ತಿಳಿದಿತ್ತೇ? ಅಥವಾ ಅಣ್ಣ ಮಾಡಿದ್ದು ಎಂಬ ನೆಚ್ಚಿಕೆಯಲ್ಲಿ ಅದನ್ನೂ ಯೋಚಿಸಿರಲಿಲ್ಲವೇ?

ಮೊದಲನೆಯದು ಹಾರಿತು. ಹೊಳೆಯಾಚೆ ನಿಲ್ಲಿಸಿದ ಹಲಗೆ ಅದುರಿತು. ಮೂತಿ ಇಳಿಸಿ, ತಿರುಗಿಸಿ, ಎರಡನೆಯದು. ಮೂರು. ನಾಲ್ಕು. ಹೊಗೆ ನೀರಿನ ಮೇಲೆ ನಿಧಾನಕ್ಕೆ ಸರಿಯಿತು. ಕೆನ್ನೆಗೆ ಬಿಸಿ ತಾಗಿರಲಿಲ್ಲ.

ಐದನೆಯದಕ್ಕೆ ಹಿಡಿಕೆ ಅರ್ಧಕ್ಕೆ ಬಂದು ಬಿಗಿಯಿತು.

ಗುಂಪಿನ ಹಿಂದಿನಿಂದ ಯಾರೋ ಹರೆಯದವನು, ಅಂದು ಅಲ್ಲಿ ಇಲ್ಲದಿದ್ದವನು, ಬಲ ಹಾಕಿ ಮೇಸ್ತ್ರಿ ಎಂದ. ಇನ್ನೊಬ್ಬ ದನಿಗೂಡಿಸಿದ. ಕಪ್ತಾನನ ಆಳು ನಮ್ಮ ಯಜಮಾನರಿಗೆ ಏಳು ಗುಂಡಿನ ಮಾತು ಕೊಟ್ಟಿದ್ದೀರಿ, ಏಳೂ ಹಾರಬೇಕು ಎಂದು ನೆನಪಿಸಿದ. ಹಿಡಿಕೆಯ ಮೇಲೆ ಮಫೇಯೊನ ಬೆರಳು ಇನ್ನೂ ಇತ್ತು. ಸ್ವಲ್ಪ ಒತ್ತಿದ್ದರೆ ತಿರುಗುತ್ತಿತ್ತು. ಒಳಗೆ ಬರೀ ಮಸಿ, ಸಂದಿಲ್ಲವೆಂದು ಅವನಿಗೆ ಗೊತ್ತಿತ್ತು. ಒತ್ತಿ ಹೊಡೆದಿದ್ದರೆ ಏಳೂ ಹಾರಿ, ಗುರುತು ಒತ್ತಿ, ಎಲ್ಲರೂ ಊಟಕ್ಕೆ ಹೋಗುತ್ತಿದ್ದರು. ಆತುರದ ಕೈಯ ಮಾತು ಹಾಗೆಯೇ ಉಳಿಯುತ್ತಿತ್ತು.

ಅವನು ಕೋವಿಯನ್ನು ಕೆಳಗಿಳಿಸಿದ.

"ಬೆತ್ತೀನೊ ಮಾವ," ಎಂದ. "ಅವತ್ತೂ ಇಲ್ಲೇ ಬಿಗಿದಿತ್ತು."

ಮುದುಕ ಕೋಲಿನ ಮೇಲೆ ಗದ್ದ ಊರಿ ನೋಡಿದ.

"ನನ್ನ ತಮ್ಮನ ಕೈ ಆತುರದ್ದು ಅಂತ ನೀವಂದ್ರಿ. ನಾನು ಸುಮ್ನಿದ್ದೆ. ಆ ಉರುಳೆ ಮನೇಲಿದೆ, ಯಾರು ಬೇಕಾದ್ರೂ ಬಂದು ನೋಡಿ. ಅದರ ಮೇಲೆ ಒಂದು ಗೀರಿಲ್ಲ. ಸಂದು ನಾನು ಬಿಟ್ಟಿದ್ದು. ಎಣ್ಣೆ ಒಣಗಿ ಮುಚ್ಕೊಂಡಿತ್ತು, ನಾನು ಬಿಗಿ ಅಂದ್ಕೊಂಡೆ. ಅವನು ಬಲ ಹಾಕದೆ ಇದ್ರೂ ಸುಡ್ತಿತ್ತು. ಅವತ್ತು ಸುಡಬೇಕಾದ್ದು ನನ್ನ ಮುಖ."

ಬಲ ಹಾಕಿ ಎಂದಿದ್ದ ಹರೆಯದವನು ತನ್ನ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನೆಲ ನೋಡಿದ. ಬೆತ್ತೀನೊ, ಅಂದು ಕೂಗಿದವರಲ್ಲಿ ತಾನೂ ಒಬ್ಬನೆಂದು, ಅಷ್ಟನ್ನು ಮಾತ್ರ, ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡ.

ಕೊಮಿಂಚೊ ಗುಂಪು ಬಿಡಿಸಿಕೊಂಡು ಮುಂದೆ ಬಂದ. ಬಂದು ಅಣ್ಣನ ಎದುರು ನಿಂತ. ಇದ್ದ ಒಂದು ಕಣ್ಣಿನಲ್ಲಿ ಏನಿತ್ತೆಂದು ಮಫೇಯೊಗೆ ಓದಲಾಗಲಿಲ್ಲ.

"ಯಾವಾಗ ಗೊತ್ತಾಯ್ತು?"

"ಲೂಚೀಯಾ ಹಬ್ಬದ ಮಾರನೇ ದಿನ."

"ನಾಲ್ಕು ತಿಂಗಳು."

"ಹೂಂ."

"ಗಿರಣಿಗೆ ಒಂದು ಗಳಿಗೆ ದಾರಿ."

"ಕಾಲುವೆವರೆಗೆ ಬಂದಿದ್ದೆ ಕಣೋ. ಆಗ್ಲಿಲ್ಲ."

ಕೊಮಿಂಚೊ ಹೊಳೆಯ ಕಡೆ ನೋಡಿದ. ಹನ್ನೆರಡು ವರ್ಷ, ಕೈ ಎತ್ತಿದಾಗಲೆಲ್ಲ ಆ ಕೈಯನ್ನೇ ನೋಡಿಕೊಂಡವನು ಅವನು. ಗಿರಣಿಯ ತೂಬನ್ನು ಕೂಡ ಹೆದರಿ ಹೆದರಿ ಎತ್ತುತ್ತಿದ್ದ. ಈಗಲೂ ಅಂಗೈಯನ್ನು ಒಮ್ಮೆ ಮಗುಚಿ ನೋಡಿ, ಅದನ್ನು ಅಂಗಿಯ ಜೇಬಿಗೆ ಹಾಕಿದ. ಹಿಟ್ಟು ಒರೆಸುವ ಬಟ್ಟೆಯ ತುಂಡೊಂದನ್ನು ತೆಗೆದ.

"ಕೊಡು ಇಲ್ಲಿ," ಎಂದ.

ಕಲ್ಲಿನ ಮೇಲೆ ಕುಳಿತು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡ. ಕೊಳವೆಗಳನ್ನು ಬರಿದು ಮಾಡಿ, ಹಿಡಿಕೆಯ ಮೊಳೆ ತೆಗೆದು, ಉರುಳೆಯನ್ನು ಎಳೆದ. ಹನ್ನೆರಡು ವರ್ಷ ಬಿಟ್ಟಿದ್ದ ಕೆಲಸವೆಂದು ನೋಡಿದವರಿಗೆ ಅನ್ನಿಸುವಂತಿರಲಿಲ್ಲ. ಎಂಜಲು ಹಚ್ಚಿ ಮಸಿ ಒರೆಸಿದ, ಕುಳಿಗಳನ್ನು ಬಟ್ಟೆಯ ತುದಿಯಿಂದ ಬಿಡಿಸಿದ, ಬೆಳಕಿಗೆ ಹಿಡಿದು ಸುತ್ತ ನೋಡಿದ. ಪಸೀನೊ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಮೊಳೆ ಕಳೆದುಹೋಗದಂತೆ ಅಂಗೈಯಲ್ಲಿ ಹಿಡಿದುಕೊಂಡ.

ಕಪ್ತಾನನ ಆಳಿಗೆ ಮಫೇಯೊ ವಿಷಯ ತಿಳಿಸಿದ. ಇದು ಏಳು ಗುಂಡಿನದೇ. ಆದರೆ ನಾಲ್ಕಾದ ಮೇಲೆ ಒರೆಸಬೇಕು. ಅಷ್ಟನ್ನು ನಿಮ್ಮ ಯಜಮಾನರಿಗೆ ಹೇಳಿ, ಒಪ್ಪಿದರೆ ಒಯ್ಯಲಿ, ಇಲ್ಲದಿದ್ದರೆ ಇಲ್ಲೇ ಇರಲಿ. ಒರೆಸದೆ ಹೊಡೆಯುವವನಿಗೆ ಈ ಮನೆಯ ಗುರುತು ಒತ್ತಿಕೊಡುವುದಿಲ್ಲ ಎಂದ. ಆಳು ಮುಖ ಗಂಟಿಕ್ಕಿದ. ಆದರೂ ಕುದುರೆಯಿಂದ ಇಳಿದ.

ಕೊಮಿಂಚೊ ಉರುಳೆ ಕೂಡಿಸಿ, ಪಸೀನೊನ ಅಂಗೈಯಿಂದ ಮೊಳೆ ಎತ್ತಿ ಜಡಿದ. ಉಳಿದ ಮೂರಕ್ಕೆ ಮದ್ದು, ಗುಂಡು ತುಂಬಿದ. ಎರಡು ಬೆರಳಿನಿಂದ ಹಿಡಿಕೆ ತಿರುಗಿಸಿದ. ಅದು ಸದ್ದಿಲ್ಲದೆ ಪೂರ್ತಿ ಬಂತು. ಬೆತ್ತೀನೊ ಕಂಬಳಿಯ ಮೇಲಿನಿಂದ ಆ ಬೆರಳುಗಳನ್ನೇ ನೋಡುತ್ತಿದ್ದ.

ಕೋವಿಯನ್ನು ಅಣ್ಣನ ಕೈಗೆ ಕೊಡುವ ಮೊದಲು ಕೊಮಿಂಚೊ ಉರುಳೆಯ ಅಂಚಿಗೆ ಬೆರಳು ಸವರಿ ನಾಲಿಗೆಗೆ ಮುಟ್ಟಿಸಿಕೊಂಡ. ಮದ್ದಿನ ಉಪ್ಪಿರಲಿಲ್ಲ, ಬರೀ ಲೋಹದ ಒಗರು.

"ಹೊಡಿ," ಎಂದ. "ನಾನಿಲ್ಲೇ ಇರ್ತೀನಿ."

ಹಾಗೆಂದು ಹಿಂದೆ ಸರಿಯಲಿಲ್ಲ. ಮಫೇಯೊ ಮರಕ್ಕೆ ಕೆನ್ನೆ ಊರಿದಾಗ, ಕೊಮಿಂಚೊನ ಸುಡದೆ ಉಳಿದಿದ್ದ ಕೆನ್ನೆ ಅವನ ಭುಜದಿಂದ ಒಂದು ಮೊಳದಲ್ಲಿತ್ತು.